ನಿದ್ದೆ ಅಂಗಡಿಯ ಬೆರಳು

ಆ ಸಲೂನಿನ ಬೋರ್ಡಿನ ಮೇಲೆ ಏನೋ ಒಂದು ಹೆಸರಿತ್ತು. ಅದನ್ನು ಪೂರ್ತಿ ಓದಿದವನು ಬೋರ್ಡು ಬರೆದ ಪೇಂಟರ್ ಒಬ್ಬನೇ ಇರಬೇಕು. ಬೀದಿಯವರಿಗೆಲ್ಲ ಅದು ನಿದ್ದೆ ಅಂಗಡಿ. ಗಡ್ಡ ತೆಗೆದು, ಬಿಸಿ ಟವೆಲಿನಿಂದ ಮುಖ ಒರೆಸಿ ಆದಮೇಲೆ ಅಲ್ಲಿ ಇನ್ನೊಂದು ಕೆಲಸ ಬಾಕಿ ಇರುತ್ತಿತ್ತು. ಕ್ಷೌರದವನು ಕುರ್ಚಿಯ ಹಿಂದೆ ಬಂದು ನಿಂತು, ಗಿರಾಕಿಯ ದವಡೆಯ ಕೆಳಗೆ ಎರಡೂ ಕಡೆ ಎರಡೆರಡು ಬೆರಳಿಟ್ಟು, ನಾಡಿ ಹೊಡೆದುಕೊಳ್ಳುವ ಜಾಗ ಹುಡುಕಿ, ಮೆಲ್ಲಗೆ ಒತ್ತಿ ತಿರುವುತ್ತಿದ್ದ. ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು. ಆರೇಳು ಅನ್ನುವಷ್ಟರಲ್ಲಿ ಗಿರಾಕಿಯ ರೆಪ್ಪೆ ಇಳಿಯುತ್ತಿತ್ತು, ತಲೆ ಹಗುರಾಗಿ ಹಿಂದಕ್ಕೆ ಒರಗುತ್ತಿತ್ತು. ಹೆಂಡತಿಯ ಜೊತೆ ಜಗಳವಾಡಿ ರಾತ್ರಿಯಿಡೀ ಜಂತೆ ಎಣಿಸಿದವರು ಕೂಡ ಅಲ್ಲಿ ಐದು ನಿಮಿಷ ಕಣ್ಣು ಮುಚ್ಚಿ, ಹೊಸಬರಾಗಿ ಎದ್ದು ಹೋಗುತ್ತಿದ್ದರು. ಇದಕ್ಕೆ ಆ ಅಂಗಡಿಯಲ್ಲಿ ‘ಕೈ ಇಡೋದು’ ಎಂದು ಹೆಸರು.

ಈ ವಿದ್ಯೆ ಮಾವನದು. ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಪ್ರಾಯದಲ್ಲಿ ಯಾರದೋ ಕತ್ತು ನೋವು ತಿಕ್ಕಲು ಹೋಗಿ ತಾವೇ ಕಂಡುಕೊಂಡದ್ದು. ಮಗಳನ್ನು ಕೊಡುವಾಗ ಹುಡುಗನ ಮನೆತನ, ಓದು ಏನನ್ನೂ ಅವರು ವಿಚಾರಿಸಲಿಲ್ಲ. ಎರಡು ವರ್ಷ ತಮ್ಮ ಕೈಕೆಳಗೆ ಕೆಲಸ ಕಲಿತವನನ್ನು ಒಂದು ದಿನ ಕರೆದು, ತಾವೇ ಕುರ್ಚಿಯಲ್ಲಿ ಕೂತು, “ಗಡ್ಡ ತೆಗಿ, ಆಮೇಲೆ ಕೈ ಇಡು” ಅಂದರು. ಗೊರಕೆ ಹೊಡೆದು ಎದ್ದು, “ದಿನ ನೋಡಿ” ಎಂದು ಮನೆಗೆ ಹೇಳಿ ಕಳಿಸಿದರು. ಹೀಗೆ ಅವನು ಅಳಿಯನಾದ. ಅದಾಗಿ ಇಪ್ಪತ್ತೆಂಟು ವರ್ಷ. ದಿನಕ್ಕೆ ಹನ್ನೆರಡೋ ಹದಿನೈದೋ ಗಡ್ಡ ಅಂದರೂ ಆ ಬೆರಳುಗಳು ಎಷ್ಟು ಕತ್ತು ಮುಟ್ಟಿರಬಹುದು ಎನ್ನುವ ಲೆಕ್ಕ ದೇವರಿಗೇ ಬಿಟ್ಟದ್ದು.

ಮಾವನಿಗೆ ಈಗ ಎಪ್ಪತ್ತಾರು. ಕೈ ನಡುಗಲು ಶುರುವಾದ ಮೇಲೆ ಕತ್ತಿ ಕೆಳಗಿಟ್ಟರು. ಆದರೆ ಬಾಯಿ ನಡುಗುವುದಿಲ್ಲವಲ್ಲ, ಅಂಗಡಿಯ ಬೆಂಚಿನ ಮೇಲೆ ಪೇಪರು ಹಿಡಿದು ಕೂತು ಬಂದವರನ್ನೆಲ್ಲ ಛೇಡಿಸುತ್ತಿದ್ದರು. ಬೋಳುತಲೆಯವನು ಬಂದರೆ “ಬಾ, ನಿನಗೆ ಅರ್ಧ ದಿನ ಬೇಕು” ಅನ್ನುತ್ತಿದ್ದರು. ದಿನ ಬಿಟ್ಟು ದಿನ, ಅಂಗಡಿ ತೆರೆಯುವ ಮೊದಲು, ಅಳಿಯ ಅವರ ಗಡ್ಡ ತೆಗೆದು ಕೈ ಇಡುತ್ತಿದ್ದ. ಬೇರೆ ಯಾರ ಕ್ಷೌರದ ಕತ್ತಿಗೂ ಅವರು ತಮ್ಮ ಗಲ್ಲ ಒಡ್ಡಿದವರಲ್ಲ. ಗಂಡಸರ ಅಂಗಡಿ ಎಂದು ಮಗಳು ಅಲ್ಲಿ ನಿಂತು ನೋಡಿದವಳಲ್ಲ, ಕೈ ಇಡೋದು ಅಂದರೆ ತಲೆ ತಿಕ್ಕುವುದು ಎಂದೇ ತಿಳಿದಿದ್ದಳು.

ಮೊದಲು ಬಿದ್ದದ್ದು ಆ ಕುರ್ಚಿಯಲ್ಲೇ. ಬಿದ್ದದ್ದು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಕೈ ಇಟ್ಟ ಮೂರನೆಯ ಎಣಿಕೆಗೇ ಮಾವನ ತಲೆ ಕಳಚಿಕೊಂಡ ಹಾಗೆ ವಾಲಿತು. ಮುಖ ಸುಣ್ಣದಂತೆ ಬಿಳಿಚಿಕೊಂಡಿತು, ಹಣೆಯಲ್ಲಿ ಬೆವರು. ಕಣ್ಣು ಬಿಟ್ಟು, “ನಿನ್ನ ಕೈ ಈಗ ನನ್ನ ಕೈಯನ್ನೇ ಮೀರಿಸ್ತು ಕಣೋ” ಎಂದು ನಕ್ಕರು. ಅಳಿಯ ಉಬ್ಬಿಹೋದ. ಅವನ ಹೆಮ್ಮೆಗೆ ಏನು ಹೇಳೋಣ, ಆ ವಾರವಿಡೀ ಗಿರಾಕಿಗಳ ಮುಂದೆ ಇದನ್ನೇ ಹೇಳಿಕೊಂಡು ತಿರುಗಿದ.

ಎರಡನೆಯ ಸಲ ಮನೆಯಲ್ಲಿ, ಕನ್ನಡಿ ಮುಂದೆ ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುವಾಗ ಬಿದ್ದು ಹುಬ್ಬು ಒಡೆದುಕೊಂಡರು. ಮೂರನೆಯ ಸಲ ಬೀದಿಯಲ್ಲಿ. ಹಿಂದಿನಿಂದ ಯಾರೋ ಕರೆದರು, ಇವರು ತಟ್ಟನೆ ಕತ್ತು ತಿರುಗಿಸಿದರು, ಅಷ್ಟೇ, ತರಕಾರಿ ಗಾಡಿಯ ಪಕ್ಕ ಉರುಳಿದರು. ಮಗಳು ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಅಂಗಿ ಹೊಲಿಯುವವಳು. ಒಪ್ಪಿಕೊಂಡ ಬಟ್ಟೆಯನ್ನೆಲ್ಲ ಮೂಲೆಗೆ ಸರಿಸಿ, ಅಪ್ಪನನ್ನು ಒಬ್ಬ ಡಾಕ್ಟರಿಂದ ಇನ್ನೊಬ್ಬರ ಹತ್ತಿರ ಕರೆದುಕೊಂಡು ಅಲೆದಳು. ಎದೆಗೆ ಎಂಟು ಕಡೆ ವೈರು ಅಂಟಿಸಿ ನೋಡಿದವರೆಲ್ಲ ಹೃದಯ ಕಲ್ಲುಗುಂಡಿನ ಹಾಗಿದೆ ಎಂದೇ ಕಳಿಸಿದರು.

ಮೂರನೆಯವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವರು ಹೆಚ್ಚು ಕೇಳಿದ್ದು ಎದೆಯ ವಿಷಯವಲ್ಲ, ಬೀಳುವ ಮುಂಚಿನ ಗಳಿಗೆಯ ವಿಷಯ. ಗುಂಡಿ, ಕತ್ತು ತಿರುಗಿಸಿದ್ದು, ಎರಡನ್ನೂ ಬರೆದುಕೊಂಡರು. ಮಾವನನ್ನು ಮಂಚದ ಮೇಲೆ ಮಲಗಿಸಿ, ವೈರು ಹಚ್ಚಿ, ಪರದೆಯ ಮೇಲೆ ಹಸಿರು ಗೆರೆ ಏರಿಳಿಯುವುದನ್ನು ತೋರಿಸಿದರು. ಒಂದೊಂದು ಬಡಿತಕ್ಕೂ ಯಂತ್ರ ಸಣ್ಣಗೆ ಕೂಗುತ್ತಿತ್ತು. ಅಳಿಯ, ಮಗಳು ಇಬ್ಬರೂ ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟರಮ್ಮ ಮೊದಲು ಸ್ಟೆತಾಸ್ಕೋಪನ್ನು ಕತ್ತಿಗಿಟ್ಟು ಕೇಳಿಸಿಕೊಂಡರು.

“ಎಡಗಡೆ ರಕ್ತನಾಳದಲ್ಲಿ ಸದ್ದಿದೆ. ಒಳಗೆ ಪಾಚಿ ಥರ ಏನೋ ಕಟ್ಟಿಕೊಂಡಿದೆ. ಅದು ಕಿತ್ತು ಮೆದುಳಿಗೆ ಹೋದ್ರೆ ಕಷ್ಟ, ಆ ಕಡೆ ನಾನು ಮುಟ್ಟಲ್ಲ. ಬಲಗಡೆ ಮಾತ್ರ ಒತ್ತಿ ನೋಡ್ತೀನಿ ಅಜ್ಜ. ತಲೆ ತಿರುಗಿದ್ರೆ ಹೆದರ್ಬೇಡಿ.”

ಅವರು ದವಡೆಯ ಕೆಳಗೆ ಎರಡು ಬೆರಳಿಟ್ಟು, ನಾಡಿ ಹುಡುಕಿ, ಮೆಲ್ಲಗೆ ಒತ್ತಿ ತಿರುವಿದರು.

ಅಳಿಯ ಗೋಡೆ ಬಿಟ್ಟು ಮುಂದಕ್ಕೆ ಬಾಗಿ ನೋಡಿದ. ಅದೇ ಜಾಗ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಇಪ್ಪತ್ತೆಂಟು ವರ್ಷದಿಂದ ತಾನು ಹುಡುಕುವ ಜಾಗವನ್ನು ಈ ಹೆಣ್ಣುಮಗಳು ಒಂದೇ ಸಲಕ್ಕೆ ಹುಡುಕಿದ್ದಳು. ಯಂತ್ರದ ಕೂಗು ನಿಂತುಹೋಯಿತು. ಪರದೆಯ ಮೇಲೆ ಗೆರೆ ನೆಟ್ಟಗೆ ಓಡತೊಡಗಿತು. ಡಾಕ್ಟರಮ್ಮ ಕೂಡಲೇ ಬೆರಳು ತೆಗೆದಿದ್ದರು, ಆದರೂ ಗೆರೆ ಏಳಲಿಲ್ಲ. ಅವನು ಅಭ್ಯಾಸಬಲದಿಂದ ಎಣಿಸಿದ. ಆರು ಎನ್ನುವಾಗ ಯಂತ್ರ ಮತ್ತೆ ಕೂಗಿತು, ಮಾವ ಕಣ್ಣು ಬಿಟ್ಟರು.

“ಹೃದಯಕ್ಕೇನೂ ಆಗಿಲ್ಲ,” ಡಾಕ್ಟರಮ್ಮ ಹೇಳಿದರು. “ಅದು ಹೇಳಿದ ಮಾತು ಕೇಳ್ತಾ ಇದೆ, ಅಷ್ಟೇ.”

“ಹೇಳೋದು ಯಾರು?” ಮಗಳು ಕೇಳಿದಳು.

“ಮೆದುಳು. ಅಲ್ಲಿಂದ ಹೃದಯಕ್ಕೆ ಎರಡು ಥರದ ನರ ಬರುತ್ತೆ. ಒಂದು ಚಾವಟಿ, ಓಡು ಅನ್ನುತ್ತೆ. ಒಂದು ಲಗಾಮು, ನಿಧಾನ ಅನ್ನುತ್ತೆ. ಕತ್ತಿನ ಈ ಜಾಗದಲ್ಲಿ ಒಬ್ಬ ಕಾವಲುಗಾರ ಇದಾನೆ ಅಂದ್ಕೊಳ್ಳಿ. ರಕ್ತದ ಒತ್ತಡ ಜಾಸ್ತಿಯಾಗಿ ನಾಳ ಉಬ್ಬಿದ್ರೆ ಮೆದುಳಿಗೆ ಸುದ್ದಿ ಮುಟ್ಟಿಸ್ತಾನೆ, ಅದು ಲಗಾಮು ಎಳೆದು ಬಡಿತ ಇಳಿಸುತ್ತೆ. ನಿಮಗೂ ನನಗೂ ಹೀಗೇನೇ. ಅಜ್ಜನ ಕಾವಲುಗಾರನಿಗೆ ವಯಸ್ಸಾಗಿ ಗಾಬರಿ ಹೆಚ್ಚಾಗಿದೆ. ಹೊರಗಿಂದ ಏನು ತಗುಲಿದ್ರೂ ಒಳಗೆ ಪ್ರವಾಹ ಬಂತು ಅಂತ ಕೂಗ್ತಾನೆ. ಮೆದುಳು ನಂಬಿ ಲಗಾಮು ಜಗ್ಗುತ್ತೆ, ಹೃದಯ ನಿಂತೇ ಬಿಡುತ್ತೆ.”

“ನಿಲ್ಲಬೇಡ ಅಂತ ನಾನು ಹೇಳಿದ್ರೆ ಕೇಳಲ್ವಾ?” ಮಾವ ಮಲಗಿದಲ್ಲಿಂದಲೇ ಕೇಳಿದರು.

“ಅದು ನಮ್ಮನ್ನ ಕೇಳಿ ಮಾಡೋ ಕೆಲಸ ಅಲ್ಲ ಅಜ್ಜ.” ಡಾಕ್ಟರಮ್ಮ ನಕ್ಕರು. ಚರ್ಮದ ಕೆಳಗೆ ಒಂದು ಪುಟ್ಟ ಯಂತ್ರ ಇಡಬಹುದು, ಹೃದಯ ನಿಂತರೆ ಅದು ತಾನೇ ತಿವಿದು ಎಬ್ಬಿಸುತ್ತದೆ, ಮೂರು ವಾರದ ನಂತರ ದಿನ ಸಿಗುತ್ತದೆ ಎಂದರು. ಅಲ್ಲಿಯವರೆಗೆ ಕತ್ತಿಗೆ ಏನೂ ಒತ್ತಬಾರದು. ಆಮೇಲೆ ಪೆನ್ನು ಹಿಡಿದು, “ಬಿಗಿ ಕಾಲರ್ ಹಾಕ್ತೀರಾ? ಕತ್ತು ಯಾರಾದ್ರೂ ಒತ್ತೋದು, ತಿಕ್ಕೋದು ಮಾಡ್ತಾರಾ?” ಎಂದು ಕೇಳಿದರು.

ಅಳಿಯ ಬಾಯಿ ತೆರೆದ. ಅವನು ತೆರೆದದ್ದು ನಿಜ, ಅಷ್ಟರಮಟ್ಟಿಗೆ ಅವನ ಪರವಾಗಿ ಸಾಕ್ಷಿ ಹೇಳಬೇಕು.

“ಯಾರೂ ಇಲ್ಲ ತಾಯಿ,” ಮಾವ ಹೇಳಿಬಿಟ್ಟರು. “ಕಾಲರ್ ಸ್ವಲ್ಪ ಬಿಗೀನೇ.”

ಅವನು ತೆರೆದ ಬಾಯಿ ಮುಚ್ಚಿದ. ಡಾಕ್ಟರಮ್ಮ ಕಾಲರ್ ಎಂದು ಬರೆದುಕೊಂಡರು.

ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಹೆಂಡತಿ ಮುಂದೆ ಕೂತಿದ್ದಳು. ಹಿಂದೆ ಮಾವ, ಅಳಿಯ. “ಯಾಕೆ ಹಾಗೆ ಹೇಳಿದ್ರಿ ಮಾವ?” ಎಂದು ಅವನು ಪಿಸುಗುಟ್ಟಿದ.

“ಮತ್ತೇನು ಹೇಳ್ಲಿ? ಅಳಿಯ ದಿನ ಬಿಟ್ಟು ದಿನ ಒತ್ತಿ ಒತ್ತಿ ನನ್ನ ಎದೆ ನಿಲ್ಲಿಸ್ತಿದ್ದ ಅಂತಲಾ? ನಾನು ಇವತ್ತೋ ನಾಳೆಯೋ. ಅವಳು ನಿನ್ನ ಜೊತೆ ಬಾಳಬೇಕಾದವಳು.” ಆಮೇಲೆ ಇನ್ನೂ ಮೆಲ್ಲಗೆ ಹೇಳಿದರು: “ಕಲಿಸಿದವನು ನಾನು. ಇನ್ಮೇಲೆ ಅಂಗಡೀಲಿ ಯಾರಿಗೂ ಕೈ ಇಡಬೇಡ. ಮಾತು ಇಲ್ಲಿಗೆ ಮುಗೀತು.”

ಮಾತು ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಬಂದವಳೇ ಅವಳು ಟ್ರಂಕು ತೆರೆದು ಅಪ್ಪನ ಅಂಗಿಗಳನ್ನೆಲ್ಲ ಹೊರಗೆ ಹಾಕಿದಳು. ಹನ್ನೊಂದು ಅಂಗಿ, ಹನ್ನೊಂದೂ ಅವಳೇ ಹೊಲಿದದ್ದು. ಅಪ್ಪನಿಗೆ ಕಾಲರ್ ಜೋತುಬಿದ್ದರೆ ಆಗುವುದಿಲ್ಲ, ಕತ್ತಿಗೆ ಅಂಟಿ ನಿಲ್ಲಬೇಕು ಎಂದು ಒಳಗೆ ದಪ್ಪ ಬಟ್ಟೆ ಕೊಟ್ಟು ಗಟ್ಟಿ ಮಾಡಿ ಹೊಲಿದಿದ್ದಳು. ಈಗ ಬ್ಲೇಡು ಹಿಡಿದು ಕೂತು ಒಂದೊಂದೇ ಕಾಲರ್ ಬಿಚ್ಚತೊಡಗಿದಳು.

“ನಾನು ಹೊಲಿದದ್ದೇ ಅಪ್ಪನ ಕತ್ತು ಹಿಸುಕಿತಲ್ಲ ರೀ,” ಅಂದಳು. ತಲೆ ಎತ್ತಲಿಲ್ಲ. ಕಣ್ಣೀರು ಮಡಿಲ ಮೇಲಿನ ಅಂಗಿಗೆ ಬೀಳುತ್ತಿತ್ತು. “ಬಿಗಿಯಾಯ್ತು ಕಣೇ ಅಂತ ಒಂದು ಸಲಾನಾದ್ರೂ ಹೇಳಿದಾನಾ? ಮಗಳು ಹೊಲಿದದ್ದು ಅಂತ ಸುಮ್ಮನೆ ಹಾಕ್ಕೊಂಡ.”

ಆಗ ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಅವನು ನೀರು ಕುಡಿದು ಬರುತ್ತೇನೆಂದು ಅಡಿಗೆ ಮನೆಗೆ ಹೋದ. ಮರುದಿನ ಹೇಳುತ್ತೇನೆಂದುಕೊಂಡ. ಮರುದಿನ ಅವಳು ಅಪ್ಪನನ್ನು ನಿಲ್ಲಿಸಿ, ಬಿಚ್ಚಿ ಮತ್ತೆ ಹೊಲಿದ ಕಾಲರಿನೊಳಗೆ ನಾಲ್ಕು ಬೆರಳು ತೂರಿಸಿ ಅಳೆಯುತ್ತಿದ್ದಳು. ಆ ಮುಖ ನೋಡಿ ಅವನು ಅಂಗಡಿಯ ಬೀಗದಕೈ ತೆಗೆದುಕೊಂಡು ಹೊರಬಿದ್ದ. ಸತ್ಯ ಅವನಿಗೆ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಪ್ಪು ಅವನದು, ಅಳು ಅವಳದು. ಇದನ್ನು ಏನೆಂದು ಕರೆಯಬೇಕೋ ನನಗಂತೂ ತಿಳಿಯದು, ಆದರೆ ಒಳ್ಳೆಯ ಹೆಸರಂತೂ ಅಲ್ಲ.

ಅಂಗಡಿಯಲ್ಲಿ ಅವನು ಕೈ ಇಡುವುದನ್ನು ಬಿಟ್ಟ. ಗಿರಾಕಿಗಳು ಬಿಡಲಿಲ್ಲ. “ಏನಪ್ಪಾ, ಊಟ ಹಾಕಿ ನೀರು ಕೊಡದ ಹಾಗಾಯ್ತಲ್ಲ” ಎಂದು ಬೇಕರಿಯವನು ಮುನಿಸಿಕೊಂಡು ಎದ್ದುಹೋದ. ಆದರೆ ಅವನನ್ನು ನಿಜವಾಗಿ ಹೆದರಿಸಿದ್ದು ಗಿರಾಕಿಗಳಲ್ಲ, ತನ್ನ ಬೆರಳುಗಳು. ಮನಸ್ಸು ಬೇಡ ಎಂದು ತೀರ್ಮಾನಿಸಿ ಆಗಿತ್ತು. ಬೆರಳುಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಟವೆಲು ಕೆಳಗಿಟ್ಟು ಕುರ್ಚಿಯ ಹಿಂದೆ ಬಂದರೆ ಸಾಕು, ಅವು ತಾವಾಗಿ ದವಡೆಯ ಕೆಳಗೆ ಹೋಗಿ ಕೂತಿರುತ್ತಿದ್ದವು. ಮೊದಲ ವಾರದಲ್ಲೇ ಮೂರು ಸಲ ಹಾಗಾಯಿತು. ಒಂದು ಸಲವಂತೂ ಐದು ಎಣಿಸಿದ ಮೇಲೆ ಅವನಿಗೆ ಎಚ್ಚರವಾಯಿತು. ಅಂದಿನಿಂದ ಮುಖ ಒರೆಸಿದ ಮೇಲೂ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇರುವ ಉಪಾಯ ಮಾಡಿಕೊಂಡ. ಮಾವನ ಗಡ್ಡವನ್ನಂತೂ ಮುಟ್ಟಲೇ ಇಲ್ಲ. ಮಾವನೂ ಕೇಳಲಿಲ್ಲ. ಮೂರು ವಾರದಲ್ಲಿ ಮುಖದ ತುಂಬ ಬಿಳಿ ಗಡ್ಡ ಬೆಳೆಯಿತು, ಮಾತು ಕಡಿಮೆಯಾಯಿತು. ಬೆಂಚಿನ ಮೇಲೆ ಕೂತರೂ ಇಬ್ಬರ ನಡುವೆ ಬಂದವರ ವಿಷಯ ಬಿಟ್ಟರೆ ಬೇರೆ ಏನೂ ಇರುತ್ತಿರಲಿಲ್ಲ.

ಆಪರೇಷನ್ನಿನ ದಿನ ಬಂತು. ಗಡ್ಡ, ಕತ್ತು, ಎದೆ ಎಲ್ಲ ನುಣ್ಣಗೆ ತೆಗೆದು ಕರೆತರಬೇಕು, ಇಲ್ಲದಿದ್ದರೆ ವಾರ್ಡಿನಲ್ಲೇ ತೆಗೆಯುತ್ತಾರೆ ಎಂದು ನರ್ಸು ಫೋನ್ ಮಾಡಿ ಹೇಳಿದ್ದರು. ವಾರ್ಡಿನಲ್ಲಿ ಯಾರೋ ತೆಗೆಯುತ್ತಾರೆ ಎನ್ನುವುದನ್ನು ಕೇಳಿ ಮಾವ ಮುಖ ತಿರುಗಿಸಿದರು.

“ನೀವೇ ತೆಗೀರಿ,” ಹೆಂಡತಿ ಗಂಡನಿಗೆ ಹೇಳಿದಳು. “ಅಪ್ಪ ಬೇರೆಯವರಿಗೆ ಗಲ್ಲ ಕೊಡಲ್ಲ. ಗೊತ್ತಲ್ಲ.”

“ಅಲ್ಲೇ ತೆಗೀಲಿ ಬಿಡು. ಕತ್ತಿನ ವಿಷಯ. ಡಾಕ್ಟ್ರು ಮುಟ್ಟಬೇಡಿ ಅಂದಿದಾರೆ.”

“ನಿಮ್ಮಷ್ಟು ಹಗುರವಾದ ಕೈ ಇನ್ಯಾರದಿದೆ? ಯಾವನೋ ಒರಟ ಬಂದು ಒತ್ತಿಬಿಟ್ರೆ?”

ಇದಕ್ಕೆ ಹೇಳಬಹುದಾದದ್ದು ಒಂದೇ ಇತ್ತು, ಅದನ್ನು ಹೇಳುವ ದಿನ ಮೂರು ವಾರದ ಹಿಂದೆ ಹೋಗಿಬಿಟ್ಟಿತ್ತು. ಅವನು ತಲೆಯಾಡಿಸಿದ.

ಬೆಳಿಗ್ಗೆ ಎಂಟಕ್ಕೆ ಮೂವರೂ ಅಂಗಡಿಗೆ ಬಂದರು. ಒಂಬತ್ತಕ್ಕೆ ಅಲ್ಲಿಗೇ ಬಾಡಿಗೆ ಕಾರು ಬರಬೇಕಿತ್ತು. ಹೆಂಡತಿ ಆಸ್ಪತ್ರೆಯ ಚೀಲವನ್ನು ಬೆಂಚಿನ ಮೇಲಿಟ್ಟು, ಫ್ಲಾಸ್ಕಿಗೆ ಬಿಸಿನೀರು ತುಂಬಿಸಲು ಟವೆಲು ಕುದಿಸುವ ಹಿಂದಿನ ಕೋಣೆಗೆ ಹೋದಳು.

ಅವನು ಹೊಸ ಬ್ಲೇಡು ಹಾಕಿದ. ಮೂರು ವಾರದ ಗಡ್ಡವನ್ನು ಮೊದಲು ಕತ್ತರಿಯಿಂದ ಇಳಿಸಿ, ಬ್ರಷ್ಷಿನಿಂದ ನೊರೆ ಹಚ್ಚಿದ. ಚರ್ಮ ಎಳೆದು ಹಿಡಿಯದೆ ಕತ್ತಿ ಆಡುವುದಿಲ್ಲ. ಕತ್ತಿನ ಹತ್ತಿರ ಬಂದಾಗ ಹೆಬ್ಬೆರಳನ್ನು ಕತ್ತಿನ ಮೇಲಿಡದೆ ಗದ್ದದ ಮೂಳೆಯ ಮೇಲಿಟ್ಟು, ಅಲ್ಲಿಂದಲೇ ಚರ್ಮ ಮೇಲೆಳೆದು, ಉಸಿರು ಬಿಗಿಹಿಡಿದು, ಹೂವಿನ ಮೇಲೆ ಆಡಿಸಿದಂತೆ ಬ್ಲೇಡು ಆಡಿಸಿದ. ಎಡಗಡೆಗೆ ಬಂದಾಗ ಅವನ ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು. ಮಾವ ಕಲ್ಲಿನ ಹಾಗೆ ಕೂತಿದ್ದರು. ಕೊನೆಯ ಎಳೆತ ಆಯಿತು. ಏನೂ ಆಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆಯ ಕೂದಲು ತೆಗೆದದ್ದೂ ಆಯಿತು, ಗುಂಡಿ ಮತ್ತೆ ಹಾಕಿದ್ದೂ ಆಯಿತು. ಬಿಸಿ ಟವೆಲಿನಿಂದ ತಟ್ಟಿ ತಟ್ಟಿ ಒರೆಸಿದ. ಕನ್ನಡಿಯಲ್ಲಿ ಮಾವನ ಹಳೆಯ ಮುಖ ಮರಳಿ ಬಂದಿತ್ತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

“ಇವತ್ತಿಂದ ನನ್ನೊಳಗೂ ಬ್ಯಾಟರಿ,” ಮಾವ ಕನ್ನಡಿ ನೋಡುತ್ತ ಹೇಳಿದರು. “ಸೆಲ್ ಮುಗಿದ್ರೆ ಎಲ್ಲಿಗೆ ಕಳಿಸ್ತೀಯಾ, ಗಡಿಯಾರದ ಅಂಗಡಿಗಾ?”

“ಅವನು ಮುಳ್ಳು ಕದ್ದಿಟ್ಕೊಂಡು ವಾಪಸ್ ಕಳಿಸ್ತಾನೆ ಮಾವ.”

“ಮುಳ್ಳು ನನಗೆ ಯಾಕೆ, ನಾಲಿಗೆ ಇದೆಯಲ್ಲ.”

ಅಳಿಯನಿಗೆ ನಗು ಬಂತು. ಮೂರು ವಾರದಿಂದ ಒಳಗೆ ಕಟ್ಟಿಕೊಂಡಿದ್ದದ್ದು ಒಮ್ಮೆಗೇ ಸಡಿಲವಾಯಿತು. ಇನ್ನು ಒಂದು ಗಂಟೆ, ಆಮೇಲೆ ಯಂತ್ರ, ಆಮೇಲೆ ಈ ಮುದುಕ ಇನ್ನು ಹತ್ತು ವರ್ಷ ಬೆಂಚಿನ ಮೇಲೆ ಕೂತು ಜನರ ಪ್ರಾಣ ತಿನ್ನುತ್ತಾನೆ ಅನ್ನಿಸಿತು. ಎದೆ ತುಂಬಿ ಬಂತು. ನಗುತ್ತಲೇ ಟವೆಲನ್ನು ಹೆಗಲಿಗೆಸೆದು ಕುರ್ಚಿಯ ಹಿಂದೆ ಬಂದ. ಮಾವನೂ ನಗುತ್ತ, ಅಭ್ಯಾಸದಂತೆ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದರು.

ಕನ್ನಡಿಯಲ್ಲಿ ಎರಡೂ ಕಡೆ ಎರಡೆರಡು ಬೆರಳು ಕಂಡವು. ಯಾರದೋ ಬೆರಳು ಎಂದು ಅವನಿಗೆ ಅನ್ನಿಸಿದ್ದು ಒಂದು ಕ್ಷಣ. ಅವು ಒತ್ತಿ ತಿರುವುತ್ತಿದ್ದವು. ಅವನೊಳಗೆ ಯಾರೋ ಆಗಲೇ ನಾಲ್ಕು ಎಂದು ಎಣಿಸಿ ಆಗಿತ್ತು.

ಬೆಂಕಿ ಮುಟ್ಟಿದವನಂತೆ ಕೈ ಕಿತ್ತುಕೊಂಡ. ಮಾವನ ತಲೆ ಪಕ್ಕಕ್ಕೆ ವಾಲಿತು. ಅವನು ಕುರ್ಚಿಯನ್ನು ಹಿಂದಕ್ಕೆ ಮಲಗಿಸಿದ, ಕಾಲು ಎತ್ತಿ ಹಿಡಿದ. ಎಣಿಸಿದ. ಆರು ದಾಟಿತು. ಏಳು. ಬೇರೆ ಮಾಡುವುದೇನೂ ಇರಲಿಲ್ಲ. ಆ ಎದೆಯೊಳಗೆ ಯಾರು ಯಾರಿಗೆ ಏನು ಹೇಳುತ್ತಿದ್ದಾರೋ, ಆ ಮಾತಿನ ನಡುವೆ ಬಾಯಿ ಹಾಕಲು ಅವನಿಗೆ ದಾರಿಯಿರಲಿಲ್ಲ. ಎಂಟು, ಒಂಬತ್ತು. ಮಾವ ದೊಡ್ಡದಾಗಿ ಉಸಿರೆಳೆದುಕೊಂಡರು. ಕಣ್ಣು ತೆರೆದರು.

“ಮಾವ. ಬಂದ್ರಾ ಮಾವ,” ಎನ್ನುತ್ತ ಅವನು ಅಳುತ್ತಿದ್ದ.

ಮಾವ ನಗಲು ನೋಡಿದರು. ತುಟಿಯ ಎಡತುದಿ ಮಾತ್ರ ಮೇಲೆ ಹೋಯಿತು. ಬಲಗೈ ಕುರ್ಚಿಯ ಆಚೆ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಬಾಯಿಂದ ಏನೋ ಸದ್ದು ಬಂತು, ಮಾತು ಬರಲಿಲ್ಲ. ಪಾಚಿ ಕಟ್ಟಿದೆ ಎಂದು ಡಾಕ್ಟರಮ್ಮ ಮುಟ್ಟಲು ಹೆದರಿದ ಎಡಗಡೆಯನ್ನೂ ಅವನ ಬೆರಳು ಒತ್ತಿತ್ತು, ಕಿತ್ತದ್ದು ಮೆದುಳಿಗೆ ಹೋಗಿತ್ತು.

ಸದ್ದು ಕೇಳಿ ಹೆಂಡತಿ ಫ್ಲಾಸ್ಕು ಹಿಡಿದೇ ಓಡಿ ಬಂದಳು. “ಅಪ್ಪ. ಏನಾಯ್ತು ಅಪ್ಪ?” ಫ್ಲಾಸ್ಕು ನೆಲಕ್ಕಿಟ್ಟು, ಮೊದಲು ಮಾಡಿದ್ದು ಅಪ್ಪನ ಕಾಲರಿನೊಳಗೆ ಕೈ ತೂರಿಸಿದ್ದು. “ಇಷ್ಟು ಸಡಿಲ ಇದೆಯಲ್ಲ. ಇನ್ನೂ ಎಷ್ಟು ಸಡಿಲ ಮಾಡ್ಲಿ ನಾನು?”

ಮಾವ ಎಡಗೈ ಎತ್ತಿದರು. ತೋರುಬೆರಳನ್ನು ತಮ್ಮ ಕತ್ತಿಗೆ ಮುಟ್ಟಿಸಿ, ಆಮೇಲೆ ತಮ್ಮ ಎದೆಗೆ ಮುಟ್ಟಿಸಿ, ಮಗಳನ್ನೇ ನೋಡುತ್ತ ಗ್ಯಾ ಗ್ಯಾ ಎಂದರು. ಮತ್ತೆ ಕತ್ತು, ಮತ್ತೆ ಎದೆ.

“ಏನು ಹೇಳ್ತಿದೀಯಪ್ಪ? ನನಗೆ ತಿಳೀತಿಲ್ಲ. ರೀ, ಏನು ಹೇಳ್ತಿದಾನೆ ಇವನು?”

ಅಳಿಯನಿಗೆ ತಿಳಿಯಿತು. ನಾನೇ ಒತ್ತಿಕೊಂಡೆ, ನನ್ನ ಕೈಯಿಂದಲೇ ಆಯಿತು ಎಂದು ಹೇಳುತ್ತಿದ್ದರು. ಆ ಸುಳ್ಳನ್ನು ಹೇಳಲು ಈಗ ಅವರ ಹತ್ತಿರ ನಾಲಿಗೆ ಉಳಿದಿರಲಿಲ್ಲ.

“ಕಾಲರ್ ಅಲ್ಲ,” ಅವನು ಹೇಳಿದ. “ಯಾವತ್ತೂ ಬರೀ ಕಾಲರ್ ಆಗಿರ್ಲಿಲ್ಲ. ಅಂಗಡೀಲಿ ಕೈ ಇಡ್ತೀನಲ್ಲ, ಅದು ಕತ್ತಿನ ಇದೇ ಜಾಗಕ್ಕೆ. ಡಾಕ್ಟ್ರು ಒತ್ತಿದ ದಿನಾನೇ ನನಗೆ ಗೊತ್ತಾಯ್ತು. ಮಾವ ಹೇಳ್ಬೇಡ ಅಂದ್ರು, ನಾನು ಹೇಳ್ಲಿಲ್ಲ. ಈಗ್ಲೂ ಇಟ್ಟೆ. ಬೇಕು ಅಂತ ಅಲ್ಲ. ಕೈ ತಾನಾಗೇ ಹೋಯ್ತು.”

ಅವಳು ಅವನನ್ನು ನೋಡಿದಳು. ಅಪ್ಪನ ಬಾಯಿಂದ ಇಳಿಯುತ್ತಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿದಳು. ಬಾಗಿಲ ಮುಂದೆ ಕಾರು ಬಂದು ನಿಂತ ಸದ್ದಾಯಿತು.

“ಎತ್ತೋಣ,” ಅಂದಳು.

ಅವನು ಎಂದಿನಂತೆ ಕುರ್ಚಿಯ ಹಿಂದಕ್ಕೆ ಬಂದು, ಮಾವನ ಹೆಗಲ ಕೆಳಗೆ ಕೈ ಹಾಕಲು ಬಾಗಿದ.

“ಅಲ್ಲಿ ಬೇಡ,” ಅವಳು ಹೇಳಿದಳು. “ತಲೆ ಕಡೆ ನಾನು ಹಿಡೀತೀನಿ. ನೀವು ಕಾಲು ಹಿಡ್ಕೊಳ್ಳಿ.”

ಅವನು ಸುತ್ತಿ ಬಂದು ಕಾಲು ಹಿಡಿದುಕೊಂಡ.